ಖಾಲಿ ಕಾಣುವ ಗುಡ್ಡದ ಮೇಲೆ ಜೀಪಿನ ಜಾಡು

ಮಳೆಗಾಲದಲ್ಲಿ ಮಲೆನಾಡಿನ ಯಾವುದಾದರೂ ಬೋಳುಗುಡ್ಡದ ಕಡೆ ಕಣ್ಣು ಹಾಯಿಸಿ. ಎಲ್ಲಿ ನೋಡಿದರೂ ಹಸಿರು ಹುಲ್ಲು. ಅದರ ನಡುವೆ ಒಮ್ಮೊಮ್ಮೆ ಎರಡು ಕೆಂಪು ಗೆರೆ ಕಾಣುತ್ತವೆ. ಜೋಡಿ ಗೆರೆ, ಬುಡದಿಂದ ನೆತ್ತಿಯವರೆಗೆ ನೆಟ್ಟಗೆ. ದನ ಹಾಗೆ ಗುಡ್ಡ ಹತ್ತುವುದಿಲ್ಲ. ಅದು ಬಳಸಿಕೊಂಡು, ಅಡ್ಡಡ್ಡವಾಗಿ ಮೇಲೇರುತ್ತದೆ. ಮನುಷ್ಯರ ಕಾಲುದಾರಿಯೂ ಹಾಗೇ ಸುತ್ತಿ ಬಳಸಿ ಹೋಗುತ್ತದೆ. ಇಳಿಜಾರಿಗೆ ಎದುರಾಗಿ ನೆಟ್ಟಗೆ ಹತ್ತುವುದು ಎಂಜಿನ್ ಮಾತ್ರ.

ಮೊದಲು ಫೋರ್ ವೀಲ್ ಡ್ರೈವ್ ಗಾಡಿ ಅಂದರೆ ಕಾಫಿ ತೋಟದವರ ಹಳೇ ಜೀಪು. ಗೊಬ್ಬರ, ಆಳು, ಮೂಟೆ ಸಾಗಿಸುವುದು ಅದರ ಕೆಲಸ. 2020ರಲ್ಲಿ ಹೊಸ ಥಾರ್ ಬಂತು. 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂತು. ಈಗ ಇಂಥ ಗಾಡಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟ್‌ನಲ್ಲಿ ನಿಂತಿವೆ. ಶನಿವಾರ ಬಂದರೆ ಅವಕ್ಕೆ ಕೆಸರು ಬೇಕು. ಕೆಸರು, ಇಳಿಜಾರು, ಮಂಜು ಮೂರೂ ಒಟ್ಟಿಗೆ ಸಿಗುವುದು ಪಶ್ಚಿಮಘಟ್ಟದಲ್ಲಿ.

ಹಾಗಾಗಿ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬಂದಿದೆ. ಎಲ್ಲರಿಗೂ ಸೇರಿದ, ಕಾನೂನು ಕಾಯಬೇಕಾದ ನೆಲದ ಮೇಲೆ ಇಂಥ ಗಾಡಿಗಳನ್ನು ಬಿಡಬೇಕಾ, ಬೇಡವಾ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿ ಬಿಟ್ಟು ನೆಲದ ಮೇಲೆ ಹತ್ತಿಸುವುದು ಬೇಡವೇ ಬೇಡ. ಇರುವ ಮಣ್ಣುದಾರಿಯ ಮೇಲೆ, ಲೆಕ್ಕ ಇಟ್ಟು, ಗೊತ್ತಿರುವ ಚಾಲಕರ ಕೈಯಲ್ಲಿ ಓಡಿಸುವುದು ಬೇರೆಯೇ ವಿಷಯ. ನಮ್ಮಲ್ಲಿ ವಾದ ಮಾಡುವವರು ಇವೆರಡನ್ನೂ ಕಲಸಿಬಿಡುತ್ತಾರೆ. ಕೊಡಚಾದ್ರಿಗೆ ಭಕ್ತರನ್ನು ಕರೆದೊಯ್ಯುವ ಜೀಪಿನವರನ್ನೂ, ಹುಲ್ಲುಗುಡ್ಡದ ಮೇಲೆ ವಿಡಿಯೊಗಾಗಿ ಚಕ್ರ ತಿರುಗಿಸುವವರನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಅದರಿಂದ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ, ನೆಲಕ್ಕಂತೂ ಸಿಗುವುದೇ ಇಲ್ಲ.

ನಮಗೆ ಹೊಸದಾದ ಈ ಜಗಳಕ್ಕೆ ಅಮೆರಿಕದಲ್ಲಿ 50 ವರ್ಷ ದಾಟಿದೆ. ಅಲ್ಲಿನವರು ಏನೇನು ಮಾಡಿ ನೋಡಿದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1942ರಿಂದ 1944ರವರೆಗೆ ಸೇನೆಯ ಟ್ಯಾಂಕ್ ತರಬೇತಿ ನಡೆಯಿತು. ಜನರಲ್ ಪ್ಯಾಟನ್ ಶುರು ಮಾಡಿದ ಶಿಬಿರ ಅದು. ಆ ಟ್ಯಾಂಕುಗಳ ಜಾಡು ಎಷ್ಟೋ ಕಡೆ ಇವತ್ತಿಗೂ ಅಳಿಸಿಲ್ಲ. ಎರಡು ವರ್ಷದ ಓಡಾಟದ ಗುರುತು 80 ವರ್ಷವಾದರೂ ಹಾಗೇ ಉಳಿದಿದೆ. ಯಾಕೆ?

ಆ ಒಣನೆಲದ ಮೇಲೆ, ಅಮೆರಿಕದ ಯೂಟಾ ರಾಜ್ಯದಲ್ಲಂತೂ ಇನ್ನೂ ಚೆನ್ನಾಗಿ, ಕಪ್ಪಗೆ ಉಬ್ಬುಬ್ಬಾದ ಒಂದು ಪದರ ಕಾಣಿಸುತ್ತದೆ. ದೂರದಿಂದ ಬರೀ ಮಣ್ಣಿನ ಹಾಗೆ ಇರುತ್ತದೆ. ನಿಜದಲ್ಲಿ ಅದಕ್ಕೆ ಜೀವವಿದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಎಲ್ಲ ಸೇರಿ ನೇಯ್ದ ಚಾಪೆ ಅದು. ಅಂಟಂಟಾದ ಎಳೆಗಳಿಂದ ಮಣ್ಣಿನ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಮಣ್ಣಿಗೆ ಇಳಿಸುತ್ತದೆ. ಟೈರ್ ಒಂದು ಸಲ ಹರಿದರೆ ಸಾಕು, ಒಣಗಿದ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮತ್ತೆ ಮೊದಲಿನಂತಾಗಲು ಹತ್ತಾರು ವರ್ಷ ಬೇಕು. ಕೆಲವು ಕಡೆ 100 ವರ್ಷವೂ ಸಾಲದು.

ಅಲ್ಲೊಂದು ಜಾತಿಯ ಕಪ್ಪೆ ಇದೆ. ತಿಂಗಳುಗಟ್ಟಲೆ ನೆಲದಡಿ ಹೂತುಕೊಂಡು ಮಳೆಗೆ ಕಾಯುತ್ತದೆ. ಮಳೆಯ ಸದ್ದು, ನೆಲದ ನಡುಕ ಗೊತ್ತಾದರೆ ಮೇಲೆ ಬಂದು, ಸಿಕ್ಕ ನೀರಿನಲ್ಲಿ ಗಡಿಬಿಡಿಯಿಂದ ಮೊಟ್ಟೆ ಇಡುತ್ತದೆ. ಸಂಶೋಧಕರು ಈ ಕಪ್ಪೆಗಳಿಗೆ ಮೋಟಾರ್‌ಸೈಕಲ್ಲಿನ ಮುದ್ರಿತ ಸದ್ದನ್ನು ಕೇಳಿಸಿ ನೋಡಿದರು. ಮಳೆ ಇಲ್ಲದಿದ್ದರೂ ಅವು ಮೇಲೆ ಬಂದವು. ಮೇಲೆ ನೀರಿಲ್ಲ, ಬಿಸಿಲು ಮಾತ್ರ. ಚಕ್ರ ಮುಟ್ಟದ ಜಾಗಕ್ಕೂ ಗಾಡಿ ತಟ್ಟುತ್ತದೆ ಅನ್ನುವುದು ನನಗೆ ಮನಸ್ಸಿಗೆ ಹೊಕ್ಕಿದ್ದು ಈ ಪ್ರಯೋಗದಿಂದ.

ಇದೇ ಮರುಭೂಮಿಯಲ್ಲಿ ಬಾರ್‌ಸ್ಟೊ ಊರಿನಿಂದ ಲಾಸ್ ವೇಗಸ್ ಕಡೆಗೆ ಬೈಕ್ ರೇಸ್ ನಡೆಯುತ್ತಿತ್ತು. 1974ರಲ್ಲಿ ಸುಮಾರು 3,000 ಬೈಕುಗಳು ಅದರಲ್ಲಿ ಓಡಿದವು. ಮರುಭೂಮಿ ಆಮೆಯ ಬಿಲಗಳು ಇರುವುದೂ ಇಂಥ ನೆಲದಲ್ಲೇ. ರೇಸ್ ಕೆಲವು ವರ್ಷ ನಿಂತು, 1983ರಲ್ಲಿ ಮತ್ತೆ ಶುರುವಾಗಿ, 1989ರಲ್ಲಿ ಕೊನೆಯಾಯಿತು. ಮರುವರ್ಷ ಆ ಆಮೆಯನ್ನು ಅಳಿವಿನಂಚಿಗೆ ಸಾಗುತ್ತಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು.

ಕಾನೂನಿನ ಕಥೆ 1972ರಲ್ಲಿ ಶುರು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದೇ ವರ್ಷದ್ದು. ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ನೆಲದಲ್ಲಿ ಎಲ್ಲಿ ಗಾಡಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಗುರುತಿಸಬೇಕು. ಗುರುತಿಸುವಾಗ ಮಣ್ಣು, ನೀರು, ಗಿಡಮರಕ್ಕೆ ಹಾನಿ ಕಡಿಮೆ ಆಗಬೇಕು, ಪ್ರಾಣಿಗಳಿಗೆ ಕಾಟ ಕಡಿಮೆ ಆಗಬೇಕು, ನಡೆದು ಬರುವವರ ಜೊತೆ ತಿಕ್ಕಾಟ ಕಡಿಮೆ ಆಗಬೇಕು ಅನ್ನುವುದು ಅದರ ಸಾರ. 1977ರಲ್ಲಿ ಕಾರ್ಟರ್ ಇನ್ನೊಂದು ಮಾತು ಸೇರಿಸಿದರು. ಹಾನಿ ಕಣ್ಣಿಗೆ ಬಿದ್ದರೆ ಆ ಜಾಗವನ್ನು ಕೂಡಲೇ ಮುಚ್ಚಿ, ಸರಿಹೋಗುವವರೆಗೆ ತೆರೆಯಬೇಡಿ ಅಂದರು.

ಓದಲು ಚೆನ್ನಾಗಿದೆ, ಅಲ್ವಾ? ಆದರೆ ಗುರುತಿಸುವ ಕೆಲಸ ಆಮೆಗಿಂತ ನಿಧಾನವಾಗಿ ನಡೆಯಿತು. ಹೆಚ್ಚಿನ ಕಡೆ ‘ಪ್ರವೇಶವಿಲ್ಲ’ ಎಂಬ ಬೋರ್ಡ್ ಇಲ್ಲದಿದ್ದರೆ ಹೋಗಬಹುದು ಅನ್ನುವ ಪರಿಸ್ಥಿತಿಯೇ ಮುಂದುವರಿಯಿತು. ಒಬ್ಬ ಹೋದ, ಜಾಡು ಬಿತ್ತು. ಮುಂದಿನವನಿಗೆ ಅದು ದಾರಿಯಂತೆ ಕಂಡಿತು. ಹತ್ತು ಜನ ಹೋದ ಮೇಲೆ ಅದು ದಾರಿಯೇ ಆಯಿತು. ಯೂಟಾದ ಪರಿಸರದವರು ಕೋರ್ಟಿಗೆ ಹೋದರು. ಕಾಡಾಗಿ ಉಳಿಸಬೇಕೆಂದು ಕಾದಿರಿಸಿದ ನೆಲವನ್ನೇ ಗಾಡಿಗಳು ಹಾಳು ಮಾಡುತ್ತಿವೆ, ಅದನ್ನು ನೋಡಿಕೊಳ್ಳಬೇಕಾದ ಭೂ ಇಲಾಖೆ ಸುಮ್ನೆ ಕೂತಿದೆ ಎಂಬುದು ಅವರ ದೂರು. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಇಲಾಖೆ ಹೀಗೇ ಕೆಲಸ ಮಾಡಬೇಕೆಂದು ಕೋರ್ಟು ದಿನದಿನವೂ ಹೇಳಲಾಗದು ಎಂಬುದು ಅದರ ನಿಲುವು. ಪರಿಸರದವರು ಸೋತರು.

ಮರುವರ್ಷ, 2005ರಲ್ಲಿ, ಅಲ್ಲಿನ ಅರಣ್ಯ ಇಲಾಖೆ ತಾನಾಗಿಯೇ ನಿಯಮವನ್ನು ತಲೆಕೆಳಗು ಮಾಡಿತು. ರಾಷ್ಟ್ರೀಯ ಅರಣ್ಯಗಳಲ್ಲಿ ಗಾಡಿ ಹೋಗಬಹುದಾದ ದಾರಿಗಳನ್ನೆಲ್ಲ ಒಂದು ಭೂಪಟದಲ್ಲಿ ಗುರುತಿಸಬೇಕು. ಭೂಪಟ ಜನರಿಗೆ ಪುಕ್ಕಟೆ. ಅದರಲ್ಲಿ ಇಲ್ಲದ ದಾರಿ ಮುಚ್ಚಿದ ದಾರಿ. ಬೋರ್ಡ್ ಇದೆಯೋ ಇಲ್ಲವೋ ಅನ್ನುವ ಮಾತೇ ಇಲ್ಲ.

ಈ ಸಣ್ಣ ಬದಲಾವಣೆ ಬಹಳ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಮೊದಲು ಬೋರ್ಡ್ ಕಿತ್ತು ಬಿಸಾಕಿದರೆ ತಪ್ಪು ಸಾಬೀತು ಮಾಡುವುದೇ ಕಷ್ಟವಿತ್ತು. ‘ನಂಗೆ ಗೊತ್ತಿರಲಿಲ್ಲ ಸಾರ್’ ಅಂದರೆ ಕೇಸ್ ನಿಲ್ಲುತ್ತಿರಲಿಲ್ಲ. ಈಗ ಗೊತ್ತು ಮಾಡಿಕೊಳ್ಳುವ ಹೊಣೆ ಓಡಿಸುವವನ ಮೇಲೆ ಬಿತ್ತು. ಸಾವಿರಾರು ಎಕರೆಗೆ ಒಬ್ಬನೇ ಇರುವ ಗಾರ್ಡ್‌ಗೆ ಇದಕ್ಕಿಂತ ಒಳ್ಳೆಯ ಸಹಾಯ ಬೇರೆ ಇಲ್ಲ.

ಜಗಳ ಮುಗಿಯಿತೇ? ಇಲ್ಲ. ಯೂಟಾದ ರಿಕ್ಯಾಪ್ಚರ್ ಕಣಿವೆಯಲ್ಲಿ ಅಲ್ಲಿನ ಮೂಲನಿವಾಸಿಗಳ ಹಳೇ ಮನೆ, ಕಣಜಗಳ ಅವಶೇಷಗಳಿವೆ. ಅವುಗಳಿಗೆ ಧಕ್ಕೆಯಾಗುತ್ತಿದೆ ಎಂದು 2007ರಲ್ಲಿ ಗಾಡಿಗಳನ್ನು ನಿಷೇಧಿಸಿದರು. 2014ರ ಮೇ ತಿಂಗಳಲ್ಲಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಚುನಾಯಿತ ಕಮಿಷನರ್ ಫಿಲ್ ಲೈಮನ್ ಪ್ರತಿಭಟನೆಯೆಂದು ಹೇಳಿಯೇ ಗಾಡಿಗಳ ಮೆರವಣಿಗೆ ಕರೆದುಕೊಂಡು ಒಳಗೆ ಹೋದರು. ಅವರಿಗೆ 10 ದಿನದ ಜೈಲು ಶಿಕ್ಷೆಯಾಯಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. 2023ರಲ್ಲಿ ಯೂಟಾದ ಮೋಆಬ್ ಪಟ್ಟಣದ ಹತ್ತಿರದ ಲ್ಯಾಬಿರಿಂತ್ ಕಣಿವೆ ಪ್ರದೇಶದಲ್ಲಿ 317 ಮೈಲಿ ಜಾಡುಗಳನ್ನು ಮುಚ್ಚಿದರು. 800 ಮೈಲಿಗಿಂತ ಜಾಸ್ತಿ ತೆರೆದೇ ಇಟ್ಟರು. ಆದರೂ ಗಾಡಿ ಓಡಿಸುವವರ ಸಂಘಟನೆ ಕೋರ್ಟಿಗೆ ಹೋಯಿತು.

ಅವರ ಸಿಟ್ಟನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ‘ನಮ್ಮ ಅಜ್ಜಂದಿರು ಓಡಾಡಿದ ದಾರಿ ಇದು, ದೂರದ ವಾಷಿಂಗ್ಟನ್‌ನಲ್ಲಿ ಕೂತು ಮುಚ್ಚುತ್ತೀರಾ’ ಅನ್ನುವ ಮಾತಿನಲ್ಲಿ ನೋವಿದೆ. ನಮ್ಮ ಕಾಡಂಚಿನ ಊರುಗಳಲ್ಲೂ ಇದೇ ಮಾತು ಕೇಳಿಸುತ್ತದೆ. ಮೊಣಕಾಲು ನೋವಿರುವವರು, ವಯಸ್ಸಾದವರು ಗಾಡಿ ಇಲ್ಲದೆ ಆ ಜಾಗಗಳನ್ನು ನೋಡುವುದು ಹೇಗೆ ಅನ್ನುವುದೂ ನ್ಯಾಯವಾದ ಪ್ರಶ್ನೆ. ಆದರೆ ಈ ಎರಡಕ್ಕೂ ಒಂದು ಒಳ್ಳೆಯ ದಾರಿ ತೆರೆದಿದ್ದರೆ ಸಾಕು. ಗುಡ್ಡದ ಮೈಯೆಲ್ಲ ತೆರೆದಿರಬೇಕಾಗಿಲ್ಲ.

ಲೆಕ್ಕ ಇಟ್ಟು ಬಿಡುವುದು ಹೇಗೆ ಅನ್ನುವುದಕ್ಕೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಬೇಕು. ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳು ಅಲ್ಲಿ ಒಂದು ಕಾಲಕ್ಕೆ ಎಷ್ಟಿದ್ದವೆಂದರೆ, ಹೊಗೆ ತಾಳಲಾಗದೆ ಗೇಟಿನ ಸಿಬ್ಬಂದಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಿಲ್ಲಬೇಕಾಯಿತು. ಒಂದು ಸರ್ಕಾರ ನಿಷೇಧ ಅಂದಿತು. ಮುಂದಿನದು ಬೇಡ ಅಂದಿತು. ಹತ್ತು ವರ್ಷಕ್ಕೂ ಹೆಚ್ಚು ಕೋರ್ಟು ಕಚೇರಿ ಅಲೆದ ಮೇಲೆ 2013ರಲ್ಲಿ ಒಂದು ನಿಯಮ ನಿಂತಿತು. ಅದರ ಪ್ರಕಾರ ಬಿಡಿ ಗಾಡಿ ಎಣಿಸುವುದಿಲ್ಲ, ಗುಂಪು ಎಣಿಸುತ್ತಾರೆ. ದಿನಕ್ಕೆ ಎಲ್ಲ ಬಗೆಯ ಗಾಡಿಗಳೂ ಸೇರಿ 110 ಗುಂಪು, ಸ್ನೋಮೊಬೈಲ್ ಆದರೆ ಒಂದು ಗುಂಪಿನಲ್ಲಿ ಹೆಚ್ಚೆಂದರೆ 10. ಹೊಗೆ ಮತ್ತು ಸದ್ದು ಕಡಿಮೆ ಇರುವ ಎಂಜಿನ್ ಬೇಕು, ಜೊತೆಗೊಬ್ಬ ಗೈಡ್ ಬೇಕು, ರಸ್ತೆಯ ಮೇಲಿನ ಹಿಮ ಬಿಟ್ಟು ಆಚೀಚೆ ಹೋಗುವ ಹಾಗಿಲ್ಲ. ಗುಂಪು ಎಣಿಸುವುದರಲ್ಲಿ ಒಂದು ಜಾಣತನ ಇದೆ. ಕಾಡೆಮ್ಮೆಗೆ ಹತ್ತು ಗಾಡಿ ಒಟ್ಟಿಗೆ ಹಾದುಹೋದರೆ ಒಂದು ಸಲ ಕಾಟ. ಬಿಡಿಬಿಡಿಯಾಗಿ ಹೋದರೆ ಹತ್ತು ಸಲ.

ಇನ್ನು ನಮ್ಮ ಕಡೆ ಬರೋಣ. ಮೋಆಬ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 230 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ 7,000 ಮಿ.ಮೀ.ಗಿಂತ ಜಾಸ್ತಿ. ಇಷ್ಟು ಮಳೆ ಬೀಳುವ ಕಡೆ ಹುಲ್ಲು ಬೇಗ ಚಿಗುರುತ್ತದೆ, ಗಾಯ ಮಾಯುತ್ತದೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಆಗುವುದು ಉಲ್ಟಾ. ಮರುಭೂಮಿಯಲ್ಲಿ ಜಾಡು ಅಳಿಸದೆ ಉಳಿಯುತ್ತದೆ. ಇಲ್ಲಿ ಜಾಡು ಬೆಳೆಯುತ್ತದೆ.

ಅದು ಹೇಗೆ ಅಂದರೆ, ಒಂದೂವರೆ ಟನ್ ತೂಕದ ಗಾಡಿ ನೆನೆದ ಮಣ್ಣಿನ ಮೇಲೆ ಹತ್ತಿದಾಗ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ಸ್ಪಂಜಿನಂತೆ ನೀರು ಕುಡಿಯುತ್ತಿದ್ದ ನೆಲ ಗಾರೆಯಂತಾಗುತ್ತದೆ. ಹತ್ತಲಾಗದೆ ಚಕ್ರ ನಿಂತಲ್ಲೇ ತಿರುಗಿದರೆ ಹುಲ್ಲಿನ ಬೇರಿನ ಹೆಣಿಗೆ ಕಿತ್ತುಬರುತ್ತದೆ. ಉಳಿಯುವುದು ಎರಡು ಕಾಲುವೆ, ಅದೂ ಇಳಿಜಾರಿಗೆ ನೇರ. ಮುಂದಿನ ಜಡಿಮಳೆಯ ನೀರೆಲ್ಲ ಆ ಕಾಲುವೆ ಹಿಡಿಯುತ್ತದೆ. ಒಂದೆರಡು ಮಳೆಗಾಲದಲ್ಲಿ ಚಕ್ರದ ಜಾಡು ಕೊರಕಲಾಗುತ್ತದೆ. ಕೊರಕಲಿನಲ್ಲಿ ಗಾಡಿ ಸಿಕ್ಕಿಬೀಳುತ್ತದೆಂದು ಮುಂದಿನವನು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಹಾಕುತ್ತಾನೆ. ಆಮೇಲೆ ಇನ್ನೊಬ್ಬ, ಅದರ ಪಕ್ಕ. ಕೆಳಗೆ ಒರತೆಯನ್ನೇ ನಂಬಿದ ಮನೆಯವರಿಗೆ ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಕಡಿಮೆ ನೀರು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಅದಕ್ಕೆ ಜೀಪು ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಇಳಿಜಾರಿನಲ್ಲಿ ನೀರು ಎಲ್ಲಿ ಹೋಗಬೇಕೋ ಅಲ್ಲಿ ಹೋಗದಿದ್ದರೆ ಏನಾಗುತ್ತದೆ ಎಂದು ನೋಡಿದ ಜಿಲ್ಲೆ ಅದು. ಅಲ್ಲಿನ ಗುಡ್ಡದ ಮೇಲೆ ಹೊಸ ಕಾಲುವೆ ತೋಡುವ ಆಟ ಯಾರೂ ಆಡಬಾರದು.

ಹುಲ್ಲುಗುಡ್ಡವನ್ನು ನಾವು ಯಾವತ್ತೂ ‘ಖಾಲಿ’ ಅಂತಲೇ ನೋಡಿದ್ದೇವೆ. ದಟ್ಟ ಕಾಡಿನೊಳಗೆ ಗಾಡಿ ನುಗ್ಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಮರಗಳೂ ಬಿಡುವುದಿಲ್ಲ. ಹುಲ್ಲಿಗೆ ಆ ಗೌರವ ಸಿಕ್ಕಿಲ್ಲ. ಬ್ರಿಟಿಷರು ಕಂದಾಯ ಕೊಡದ ನೆಲವನ್ನು ಬಂಜರು ಅಂದರು. ಆ ಮಾತು ನಮ್ಮ ದಾಖಲೆಗಳಲ್ಲಿ ಇನ್ನೂ ಉಳಿದಿದೆ. ಮಲೆನಾಡಿನ ಎಷ್ಟೋ ಬೇಣಗಳ ಮೇಲೆ ಅರಣ್ಯ ಇಲಾಖೆಯೇ ಅಕೇಶಿಯಾ ನೆಟ್ಟಿತು, ಖಾಲಿ ಜಾಗ ತುಂಬಿಸಿದಂತಾಯಿತು ಅಂತ. ಆದರೆ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಈ ಎರಡೂ ಸೇರಿದರೇ ಘಟ್ಟ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಇಂಥ ಗುಡ್ಡಗಳಲ್ಲಿ. ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳು ಈ ಹುಲ್ಲಿನಲ್ಲಿವೆ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಜನ ಸಾಲುಗಟ್ಟಿ ಬಂದರು. 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುವ ಗಿಡ ಅದು. ನಡುವಿನ ವರ್ಷಗಳಲ್ಲಿ ಸಾಮಾನ್ಯ ಪೊದೆಯಂತೆ ಕಾಣುತ್ತದೆ. ಆಗ ಅದರ ಮೇಲೆ ಗಾಡಿ ಹರಿದರೆ ಹೂವೂ ಇಲ್ಲ, ಬೀಜವೂ ಇಲ್ಲ.

ಕಾನೂನು ಏನು ಹೇಳುತ್ತದೆ? ಅಭಯಾರಣ್ಯದ ಒಳಗೆ ನಮ್ಮ ಕಾನೂನು ಅಮೆರಿಕದ 2005ರ ನಿಯಮಕ್ಕಿಂತ ಗಟ್ಟಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವಂತೆಯೇ ಇಲ್ಲ. ಕೆಲಸದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಆಸ್ತಿಯ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. 28ನೇ ಸೆಕ್ಷನ್ ಪ್ರಕಾರ ಪ್ರವಾಸಕ್ಕೂ ಅನುಮತಿ ಕೊಡಬಹುದು. ರಾಷ್ಟ್ರೀಯ ಉದ್ಯಾನಗಳಲ್ಲೂ ಪ್ರವೇಶಕ್ಕೆ ಇಂಥದೇ ಕಟ್ಟುಪಾಡು.

ತೊಂದರೆ ಇರುವುದು ಗಡಿಯ ಆಚೆ. ಒಂದೇ ಗುಡ್ಡದ ಒಂದು ಮಗ್ಗುಲು ಅಭಯಾರಣ್ಯ ಆಗಿರುತ್ತದೆ. ಇನ್ನೊಂದು ಮಗ್ಗುಲು ಗೋಮಾಳವೋ, ಕೊಡಗಿನಲ್ಲಾದರೆ ಪೈಸಾರಿಯೋ ಆಗಿರುತ್ತದೆ. ಅದು ಕಂದಾಯ ಇಲಾಖೆಯ ನೆಲ. ಅಲ್ಲಿ ಗಾರ್ಡ್ ಇಲ್ಲ, ಗೇಟ್ ಇಲ್ಲ. ಹುಲ್ಲು ಅದೇ, ಮಣ್ಣು ಅದೇ, ಕೆಳಗಿನ ಹಳ್ಳವೂ ಅದೇ. ಗಾಡಿಗಳು ಅಲ್ಲಿಂದ ಹತ್ತುತ್ತವೆ. ನೆತ್ತಿಗೆ ಹೋದ ಮೇಲೆ ಗಡಿ ಎಲ್ಲಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಕೇಳಿದರೆ ಮೊದಲು ಆಗಬೇಕಾದ ಕೆಲಸ ಇದು: ಪಶ್ಚಿಮಘಟ್ಟದ ತಾಲ್ಲೂಕುಗಳಲ್ಲಿ ಗಾಡಿ ಹೋಗಬಹುದಾದ ಮಣ್ಣುದಾರಿಗಳ ಒಂದು ಪಟ್ಟಿ, ಒಂದು ಭೂಪಟ. ಅರಣ್ಯ, ಕಂದಾಯ ಎರಡೂ ಇಲಾಖೆಗಳ ಸಹಿ ಅದರ ಮೇಲೆ ಇರಬೇಕು. ಅದರಲ್ಲಿ ಇಲ್ಲದ್ದು ದಾರಿಯಲ್ಲ. ಹಳ್ಳಿಯವರು ಸೌದೆ, ಸೊಪ್ಪು, ದನಕ್ಕಾಗಿ ಓಡಾಡುವ ಹಾದಿಗಳನ್ನು ಅವರನ್ನೇ ಕೂರಿಸಿಕೊಂಡು ಬರೆಯಬೇಕು. ಯೂಟಾದಲ್ಲಿ ಸಿಟ್ಟು ಹುಟ್ಟಿದ್ದು ಎಲ್ಲಿ ಅನ್ನುವುದನ್ನು ಆಗಲೇ ನೋಡಿದೆವು.

ಈಗ ಜೀಪಿನವರ ಮಾತು. ಕೊಡಚಾದ್ರಿ 1,343 ಮೀಟರ್ ಎತ್ತರ, ಮೂಕಾಂಬಿಕಾ ಅಭಯಾರಣ್ಯದಲ್ಲಿದೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಬಾಡಿಗೆ ಜೀಪುಗಳು ಜನರನ್ನು ಮೇಲೆ ಕರೆದೊಯ್ಯುತ್ತವೆ. ಪುಷ್ಪಗಿರಿ ಅಭಯಾರಣ್ಯದ ಕಡೆಯ ಮಾಂದಲಪಟ್ಟಿಗೂ ಮಡಿಕೇರಿಯಿಂದ ಜೀಪುಗಳಿವೆ. ಆ ದಾರಿಗಳಲ್ಲಿ ಹೋದವರಿಗೆ ಗೊತ್ತು, ಕೂತಲ್ಲಿ ಕೂರಲು ಆಗುವುದಿಲ್ಲ. ಆದರೂ ಅದು ದಾರಿ. ಚಾಲಕರು ಅಲ್ಲಿನವರೇ. ಎಲ್ಲಿ ಗೇರ್ ಬದಲಿಸಬೇಕು, ಎಲ್ಲಿ ಎದುರಿನ ಗಾಡಿಗೆ ಕಾಯಬೇಕು ಎಂದು ಅವರಿಗೆ ಕರತಲಾಮಲಕ. ಎಂಟು ಜನ ಒಂದು ಜೀಪಿನಲ್ಲಿ ಹೋದರೆ ಎಷ್ಟೋ ಸ್ವಂತ ಗಾಡಿಗಳು ಕೆಳಗೇ ಉಳಿಯುತ್ತವೆ. ಈ ಸಂಪಾದನೆ ತಪ್ಪಿಸಿ ಕಾಡು ಉಳಿಸುತ್ತೇವೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬೇಕಾದ್ದು ದಿನಕ್ಕೆ ಇಷ್ಟೇ ಜೀಪು ಅನ್ನುವ ಲೆಕ್ಕ, ಬೆಳಿಗ್ಗೆ ಇಷ್ಟು ಹೊತ್ತಿಗೆ ಮೊದಲನೆಯದು, ಸಂಜೆ ಇಷ್ಟು ಹೊತ್ತಿಗೆ ಕೊನೆಯದು ಅನ್ನುವ ಶಿಸ್ತು. ಪ್ರವೇಶ ಶುಲ್ಕದ ದುಡ್ಡಿನಲ್ಲಿ ಆ ದಾರಿಯ ನೀರನ್ನು ಅಲ್ಲಲ್ಲಿ ಪಕ್ಕಕ್ಕೆ ತಿರುಗಿಸುವ ಅಡ್ಡಗಟ್ಟು ಕಟ್ಟಬೇಕು, ಕೊರಕಲಿಗೆ ಕಲ್ಲು ಹಾಸಬೇಕು. ಕಾಂಕ್ರೀಟ್ ಹಾಕಿದರೆ ಸಣ್ಣ ಕಾರುಗಳೂ ಮೇಲೆ ಬರುತ್ತವೆ. ಅದು ಇನ್ನೂ ದೊಡ್ಡ ಪೆಟ್ಟು.

ಹೊತ್ತಿನ ಕಟ್ಟುಪಾಡು ನಮ್ಮಲ್ಲಿ ನಡೆಯುವುದಿಲ್ಲ ಅನ್ನುವವರು ಬಂಡೀಪುರ ನೋಡಬೇಕು. 2009ರಿಂದ ಅಲ್ಲಿನ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಲ್ಲ. ಆಂಬುಲೆನ್ಸ್ ಮತ್ತು ಕೆಲವು ಬಸ್ಸುಗಳಿಗೆ ಮಾತ್ರ ಬಿಡುಗಡೆ. ಎಷ್ಟು ಒತ್ತಡ ಬಂದರೂ ಆ ನಿಯಮ ನಿಂತಿದೆ. ಅದೂ ಎರಡು ರಾಜ್ಯಗಳ ನಡುವಿನ ಹೆದ್ದಾರಿಯಲ್ಲಿ. ಒಂದು ಗುಡ್ಡದ ಜೀಪ್ ದಾರಿಯಲ್ಲಿ ಯಾಕೆ ಆಗುವುದಿಲ್ಲ?

ಆಫ್ ರೋಡಿಂಗ್ ಪ್ರೀತಿಸುವವರ ಬಗ್ಗೆಯೂ ಹೇಳಬೇಕು. ಅದು ನಿಜವಾಗಿ ಕೌಶಲದ ಆಟ. 2018ರ ಕೇರಳ ಪ್ರವಾಹದಲ್ಲಿ ಬೇರೆ ಗಾಡಿ ಹೋಗದ ಕಡೆ ಇಂಥ ಕ್ಲಬ್ಬುಗಳ ಜೀಪುಗಳು ನುಗ್ಗಿ ಜನರನ್ನು ಕರೆತಂದವು. ಆಟ ಕಲಿಯಲು ಅವರಿಗೂ ಜಾಗ ಬೇಕು. ಕೈಬಿಟ್ಟ ಕಲ್ಲು ಕ್ವಾರಿಗಳಿವೆ. ಒಪ್ಪಿದ ಮಾಲೀಕರ ತೋಟ, ಗದ್ದೆಗಳಿವೆ. ಕೊಡಗು, ಸಕಲೇಶಪುರದ ಕಡೆ ಖಾಸಗಿ ಜಮೀನಿನಲ್ಲಿ ಈ ಆಟ ನಡೆಸುವವರು ಇದ್ದಾರೆ. ಹಾಳಾದರೆ ಸರಿ ಮಾಡುವ ಹೊಣೆ ಅಲ್ಲಿ ಯಾರದ್ದು ಅಂತ ಸ್ಪಷ್ಟವಾಗಿರುತ್ತದೆ. ಸರ್ಕಾರಿ ಗುಡ್ಡದಲ್ಲಿ ಆ ಹೊಣೆ ಯಾರ ಹೆಗಲಿಗೂ ಬೀಳುವುದಿಲ್ಲ.

ಆಗಲೇ ಬಿದ್ದಿರುವ ಗೆರೆಗಳನ್ನು ಏನು ಮಾಡುವುದು? ಮೊಹಾವಿಯಲ್ಲಿ ಒಂದು ಉಪಾಯ ಮಾಡುತ್ತಾರೆ. ಮುಚ್ಚಿದ ಜಾಡಿನ ಮಣ್ಣನ್ನು ಸಡಿಲ ಮಾಡಿ, ಅದರಲ್ಲಿ ಒಣ ಕೊಂಬೆಗಳನ್ನು ನೆಟ್ಟಗೆ ಹುಗಿಯುತ್ತಾರೆ. ರಸ್ತೆಯಿಂದ ನೋಡಿದರೆ ಅಲ್ಲೊಂದು ಜಾಡು ಇತ್ತೆಂದು ಗೊತ್ತಾಗುವುದಿಲ್ಲ, ಹಾಗಾಗಿ ಯಾರೂ ಅದನ್ನು ಹಿಡಿಯುವುದಿಲ್ಲ. ಕೊಂಬೆಯ ನೆರಳಲ್ಲಿ ಬೀಜ ನಿಲ್ಲುತ್ತದೆ. ನಮ್ಮ ಗುಡ್ಡಗಳಲ್ಲಿ ಕೊಂಬೆಯ ಬದಲು ಕಲ್ಲಿನ ಸಣ್ಣ ಅಡ್ಡಗಟ್ಟು ಬೇಕಾದೀತು, ನಾಲ್ಕೈದು ಮಾರಿಗೊಂದು, ನಡುವೆ ಅದೇ ಗುಡ್ಡದ ಹುಲ್ಲಿನ ಹೆಂಟೆ. ಮಳೆ ನಿಂತ ಮೇಲೆ ಕಲ್ಲು ಕೂಡಿಸಿ, ಮೇ ಕೊನೆಯೊಳಗೆ ಗಟ್ಟು ಕಟ್ಟಿ, ಮೊದಲ ಮಳೆಗೆ ಹುಲ್ಲು ಕೂರಿಸಬೇಕು. ತಡವಾದರೆ ಜೂನ್ ನೀರು ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. ಕಲ್ಲನ್ನು ಗುಡ್ಡದ ಬುಡದವರೆಗೆ ಸಾಗಿಸಲು ಕ್ಲಬ್ಬಿನವರ ಗಾಡಿಗಳೇ ಆಗುತ್ತವೆ. ಅಲ್ಲಿಂದ ಮೇಲಕ್ಕೆ ತಲೆಹೊರೆ.